ಟೂ ವೀಲ್ ಡ್ರೈವ್ ಪಿಕಪ್: ಮೂತಿ ಎತ್ತಿ, ದೊಡ್ಡ ಟೈರ್ ಕೂರಿಸಿದ ಲೆಕ್ಕ

ಖಾಲಿ ಪಿಕಪ್ಪನ್ನು ಪಕ್ಕದಿಂದ ನೋಡಿ. ಮೂತಿ ತಗ್ಗಿರುತ್ತದೆ, ಹಿಂಭಾಗ ಎದ್ದು ನಿಂತಿರುತ್ತದೆ. ತಯಾರಿಸಿದವರು ಬೇಕಂತಲೇ ಇಟ್ಟ ಇಳಿಜಾರು ಅದು. ಹಿಂದೆ ಸರಕು ಬಿದ್ದಾಗ ಲೀಫ್ ಸ್ಪ್ರಿಂಗ್ ಕೂರುತ್ತದೆ, ಗಾಡಿ ಮಟ್ಟಕ್ಕೆ ಬರುತ್ತದೆ. ಮುಂಭಾಗ ಎತ್ತಿ ಈ ಇಳಿಜಾರನ್ನು ಪೂರ್ತಿ ಅಳಿಸಿದರೆ ಖಾಲಿ ಗಾಡಿ ಚೆಂದ ಕಾಣುತ್ತದೆ ನಿಜ. ಆದರೆ ಲೋಡ್ ಹಾಕಿದ ದಿನ ಹಿಂಭಾಗ ಕೂತು, ಮೂತಿ ಆಕಾಶ ನೋಡುತ್ತದೆ. ಸ್ಟೇರಿಂಗ್ ಹಗುರಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಒಂದು ತೀರ್ಮಾನ ಮಾಡಿಕೊಂಡೇ ಕೆಲಸಕ್ಕೆ ಇಳಿದೆ: ಗಾಡಿ ಮಟ್ಟವಾಗಬೇಕಾದ್ದು ನಾನು ದಿನಾ ಹೊರುವ ಭಾರ ಅದರ ಮೇಲಿದ್ದಾಗ.

ಗಾಡಿಯ ಸ್ಥಿತಿ ಹೀಗಿದೆ. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ ಮಾತ್ರ. ಮುಂದೆ ಮೇಲೊಂದು ಕೆಳಗೊಂದು ಆರ್ಮ್, ನಡುವೆ ಕಾಯಿಲ್ ಸ್ಪ್ರಿಂಗ್ ಸುತ್ತಿದ ಸ್ಟ್ರಟ್ (ಶಾಕ್ ಅಬ್ಸಾರ್ಬರ್). ಹಿಂದೆ ಗಟ್ಟಿ ಎಕ್ಸೆಲ್, ಲೀಫ್ ಸ್ಪ್ರಿಂಗ್. ಟೈರ್ 245/70 ಆರ್17, ಅಂದರೆ ಅಗಲ 245 ಮಿ.ಮೀ., ಪಕ್ಕೆಯ ಎತ್ತರ ಅದರ 70 ಶೇಕಡಾ, ರಿಮ್ 17 ಇಂಚು.

ಮೊದಲು ಅಳತೆ

ಈ ಕೆಲಸದಲ್ಲಿ ಅಳತೆಯೇ ಅರ್ಧ ಕೆಲಸ. ಸಾಮಾನ್ಯವಾಗಿ ಎಲ್ಲರೂ ಹಬ್ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆಯುತ್ತಾರೆ. ನೆಲದಿಂದ ಅಳೆಯುವುದಕ್ಕಿಂತ ಇದು ಒಳ್ಳೆಯದು. ಟೈರ್ ಬದಲಾದರೂ, ಗಾಳಿ ಹೆಚ್ಚು ಕಮ್ಮಿ ಆದರೂ ಈ ಅಳತೆ ಬದಲಾಗುವುದಿಲ್ಲ. ಕೆಲಸಕ್ಕೆ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಹೋಲಿಸಲು ಇದೇ ಸರಿ. ಆದರೆ ಮುಂದಿನ ಅಳತೆಯನ್ನು ಹಿಂದಿನದರಿಂದ ಕಳೆದು "ಇಳಿಜಾರು ಇಷ್ಟು" ಅನ್ನುವುದು ತಪ್ಪು. ಮುಂದಿನ ಫೆಂಡರ್ ಕಮಾನು ಮತ್ತು ಹಿಂದಿನ ಕಮಾನು ಒಂದೇ ಎತ್ತರಕ್ಕೆ ಕತ್ತರಿಸಿರಬೇಕು ಅಂತ ನಿಯಮವೇನೂ ಇಲ್ಲವಲ್ಲ.

ಇಳಿಜಾರು ತಿಳಿಯಲು ಬಾಗಿಲ ಕೆಳಗಿನ ಸಿಲ್ ನೋಡಬೇಕು. ಅದು ನೇರವಾಗಿರುತ್ತದೆ. ಗಾಡಿಯನ್ನು ಮಟ್ಟವಾದ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿ, ಮುಂದೆ ಹಿಂದೆ ಸ್ವಲ್ಪ ಉರುಳಿಸಿ, ಬಂಪರ್ ಒತ್ತಿ ಬಿಟ್ಟೆ. ಸ್ಪ್ರಿಂಗ್ ತನ್ನ ಜಾಗಕ್ಕೆ ಕೂರಬೇಕು. ಆಮೇಲೆ ಡಿಜಿಟಲ್ ಆಂಗಲ್ ಮೀಟರನ್ನು ಮೊದಲು ನೆಲದ ಮೇಲಿಟ್ಟು ಸೊನ್ನೆ ಮಾಡಿ, ಸಿಲ್ ಕೆಳಗೆ ಹಿಡಿದೆ. 0.8 ಡಿಗ್ರಿ ತೋರಿಸಿತು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 3200 ಮಿ.ಮೀ. ಇದೆ. ಅಷ್ಟು ಉದ್ದಕ್ಕೆ 0.8 ಡಿಗ್ರಿ ಅಂದರೆ ಸುಮಾರು 45 ಮಿ.ಮೀ. ಇಳಿಜಾರು.

ಇನ್ನು ಭಾರ. ಹಿಂದೆ ಯಾವಾಗಲೂ ಟೂಲ್ ಬಾಕ್ಸು, ಪೈಪು, ಒಂದು ಸಣ್ಣ ಕಂಪ್ರೆಸರ್ ಇರುತ್ತವೆ. ಎಲ್ಲ ಸೇರಿ 200 ಕೆ.ಜಿ. ಹತ್ತಿರ. ಅಷ್ಟನ್ನೂ ಹಾಕಿ ಮತ್ತೆ ಅಳೆದೆ. ಹಿಂಭಾಗ 18 ಮಿ.ಮೀ. ಇಳಿಯಿತು. 45ರಲ್ಲಿ 18 ಹೋದರೆ 27. ನನಗೆ ಬೇಕಾದ ಎತ್ತರ ಅದೇ. ಮುಂಭಾಗ 27 ಮಿ.ಮೀ. ಎದ್ದರೆ ದಿನದ ಭಾರದ ಜೊತೆ ಗಾಡಿ ಮಟ್ಟ. ಖಾಲಿ ಇದ್ದಾಗ ಹಿಂಭಾಗ ಇನ್ನೂ 18 ಮಿ.ಮೀ. ಎತ್ತರದಲ್ಲೇ ಉಳಿಯುತ್ತದೆ.

ಎತ್ತಲು ಸ್ಟ್ರಟ್ಟಿನ ತಲೆಗೂ ಚಾಸಿಗೂ ನಡುವೆ ಕೂರಿಸುವ ದಪ್ಪ ಬಿಲ್ಲೆಯೇ ಸ್ಪೇಸರ್. 27 ಮಿ.ಮೀ. ಎತ್ತಲು 27 ಮಿ.ಮೀ. ಸ್ಪೇಸರ್ ಹಾಕಬಾರದು. ಇಲ್ಲಿ ತುಂಬಾ ಜನ ಎಡವುತ್ತಾರೆ. ಸ್ಟ್ರಟ್ ಕೂತಿರುವುದು ಕೆಳಗಿನ ಆರ್ಮಿನ ತುದಿಯಲ್ಲಲ್ಲ, ಸರಿಸುಮಾರು ನಡುವೆ. ನನ್ನ ಗಾಡಿಯಲ್ಲಿ ಒಳಗಿನ ಬುಷ್‌ನಿಂದ (ಆರ್ಮ್ ಚಾಸಿಗೆ ಸೇರುವ ರಬ್ಬರ್ ಕೀಲು) ಸ್ಟ್ರಟ್ ಬೋಲ್ಟಿಗೆ 210 ಮಿ.ಮೀ., ಅದೇ ಬುಷ್‌ನಿಂದ ಬಾಲ್ ಜಾಯಿಂಟಿಗೆ (ಚಕ್ರದ ಕಡೆಯ ಗುಂಡು ಕೀಲು) 380. ಭಾಗಿಸಿದರೆ 0.55. ಸ್ಟ್ರಟ್ ಮೇಲೆ ಒಂದು ಮಿ.ಮೀ. ದಪ್ಪ ಸೇರಿಸಿದರೆ ಚಕ್ರದ ಹತ್ತಿರ ಸುಮಾರು 1.8 ಮಿ.ಮೀ. ಸಿಗುತ್ತದೆ. ಹಾಗಾಗಿ 15 ಮಿ.ಮೀ. ಸ್ಪೇಸರ್ ಸಾಕು. ಸ್ಟ್ರಟ್ ಎಷ್ಟು ಓರೆಯಾಗಿದೆ ಅನ್ನುವುದರ ಮೇಲೆ ಇದು ಒಂಚೂರು ಬದಲಾಗುತ್ತದೆ, ಆದರೂ ಅಂದಾಜಿಗೆ ಈ ಲೆಕ್ಕ ಸಾಕು. ಮಾರುವಾಗ ಕೆಲವರು ಸ್ಪೇಸರಿನ ದಪ್ಪ ಹೇಳುತ್ತಾರೆ, ಕೆಲವರು ಎಷ್ಟು ಎತ್ತುತ್ತದೆ ಅಂತ ಹೇಳುತ್ತಾರೆ. ಕೈಗೆ ಬಂದ ತಕ್ಷಣ ಕ್ಯಾಲಿಪರ್ ಹಿಡಿದು ನೋಡಿಬಿಡಿ.

ಸ್ಪೇಸರ್ ತೆಳ್ಳಗಿರಲಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಸ್ಪೇಸರ್ ಸ್ಟ್ರಟ್ಟನ್ನು ಕೆಳಕ್ಕೆ ತಳ್ಳುತ್ತದೆ. ಚಕ್ರ ಜೋತುಬಿದ್ದಾಗ ಆರ್ಮ್ ಮೊದಲಿಗಿಂತ ಕೆಳಗೆ ಹೋಗುತ್ತದೆ, ಮೇಲಿನ ಬಾಲ್ ಜಾಯಿಂಟ್ ಜಾಸ್ತಿ ಓರೆಯಾಗುತ್ತದೆ, ಮೇಲಿನ ಆರ್ಮ್ ಸ್ಪ್ರಿಂಗಿಗೆ ಹತ್ತಿರ ಬರುತ್ತದೆ. ದೊಡ್ಡ ಗುಂಡಿಗೆ ಬಿದ್ದು ಚಕ್ರ ಮೇಲೆ ಬಂದಾಗ ಸ್ಟ್ರಟ್ ಮೊದಲಿಗಿಂತ ಬೇಗ ತಳ ಮುಟ್ಟುತ್ತದೆ. ಸ್ಪೇಸರ್ ದಪ್ಪ ಆದಷ್ಟೂ ಎರಡೂ ಕಡೆ ಕಷ್ಟ.

ಟೂ ವೀಲ್ ಡ್ರೈವ್‌ಗೆ ಇಲ್ಲಿ ಒಂದು ಅನುಕೂಲ ಇದೆ. ಮುಂದಿನ ಚಕ್ರಕ್ಕೆ ಡ್ರೈವ್ ಶಾಫ್ಟ್ ಇಲ್ಲ. ಫೋರ್ ವೀಲ್ ಡ್ರೈವ್ ಗಾಡಿ ಎತ್ತಿದಾಗ ಆ ಶಾಫ್ಟುಗಳ ಜಾಯಿಂಟ್ ಓರೆಯಾಗಿ ಸವೆಯುವ ತಲೆನೋವು ನಮಗಿಲ್ಲ. ಹಿಂದಿನ ಎಕ್ಸೆಲ್ ಮುಟ್ಟಿಲ್ಲವಾದ್ದರಿಂದ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಇದ್ದ ಹಾಗೇ ಇರುತ್ತದೆ. ಆದರೆ ಬಾಲ್ ಜಾಯಿಂಟ್, ಟೈ ರಾಡ್, ಬ್ರೇಕ್ ಹೋಸ್ ಎಲ್ಲ ನಮ್ಮಲ್ಲೂ ಇವೆ. ಅವುಗಳ ಮಿತಿ ಮರೆಯಬಾರದು.

ಟೈರ್ ಆರಿಸಿದ್ದು

265/70 ಆರ್17 ಆರಿಸಿದೆ. ಲೆಕ್ಕ ಸುಲಭ. 265ರ 70 ಶೇಕಡಾ 185.5, ಅದರ ಎರಡರಷ್ಟು 371. 17 ಇಂಚಿನ ರಿಮ್ ಅಂದರೆ 431.8 ಮಿ.ಮೀ. ಕೂಡಿದರೆ ವ್ಯಾಸ ಸುಮಾರು 803. ಹಳೆಯ ಟೈರಿನದು ಇದೇ ಲೆಕ್ಕದಲ್ಲಿ 775. ವ್ಯತ್ಯಾಸ 28 ಮಿ.ಮೀ. ಅರ್ಧ ಮಾಡಿದರೆ ನೆಲದಿಂದ ಎಕ್ಸೆಲ್ ಏರುವುದು 14 ಮಿ.ಮೀ.

ಈ 14 ಮಿ.ಮೀ. ಸಣ್ಣದು ಅನ್ನಿಸಬಹುದು. ಆದರೆ ಹಿಂದಿನ ಡಿಫರೆನ್ಷಿಯಲ್ (ಎಕ್ಸೆಲ್ ನಡುವೆ ಉಬ್ಬಿರುವ ಗೇರ್ ಪೆಟ್ಟಿಗೆ) ನೆಲದಿಂದ ಮೇಲೇಳುವುದು ಇದರಿಂದ ಮಾತ್ರ. ಸ್ಪೇಸರ್ ಏನೇ ಹಾಕಿದರೂ ಬಾಡಿ ಏಳುತ್ತದೆ, ಡಿಫರೆನ್ಷಿಯಲ್ ಒಂದು ಕೂದಲೆಳೆಯಷ್ಟೂ ಏಳುವುದಿಲ್ಲ. ಕಲ್ಲು ತುಂಬಿದ ದಾರಿಯಲ್ಲಿ ತಳ ಹೊಡೆಯಬಾರದು ಅಂದರೆ ಕೆಲಸಕ್ಕೆ ಬರುವುದು ಟೈರೇ.

ರಿಮ್ ಬದಲಿಸಲಿಲ್ಲ. ನನ್ನದು ಏಳೂವರೆ ಇಂಚು ಅಗಲದ ರಿಮ್, 265ಕ್ಕೆ ಅದು ಸರಿಯಾದ ಮಿತಿಯೊಳಗೇ ಇದೆ. ಹೊರಕ್ಕೆ ಚಾಚುವ ರಿಮ್ ಹಾಕಿದರೆ ಗಾಡಿ ಅಗಲವಾಗಿ ಗತ್ತಿನಿಂದ ಕಾಣುತ್ತದೆ ಅನ್ನುವುದು ಗೊತ್ತು. ಆದರೆ ಸ್ಟೇರಿಂಗ್ ತಿರುಗಿಸಿದಾಗ ಟೈರ್ ದೊಡ್ಡ ವೃತ್ತದಲ್ಲಿ ಓಡಾಡುತ್ತದೆ, ಫೆಂಡರಿಗೆ ತಗಲುವುದು ಜಾಸ್ತಿಯಾಗುತ್ತದೆ, ವೀಲ್ ಬೇರಿಂಗಿಗೂ ಭಾರ ಹೆಚ್ಚು. ಹಳೆಯ ರಿಮ್ಮಿನಲ್ಲೇ ಇರುವುದು ಜಾಣತನ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಲೋಡ್ ಇಂಡೆಕ್ಸ್ ನೋಡದೆ ಟೈರ್ ಕೊಳ್ಳಬೇಡಿ. ಹಳೆಯದರ ಮೇಲೆ 110 ಇತ್ತು, ಅಂದರೆ ಒಂದು ಟೈರಿಗೆ 1060 ಕೆ.ಜಿ. ಹೊಸದು 115, ಅಂದರೆ 1215 ಕೆ.ಜಿ. ಹೊಸ ಸಂಖ್ಯೆ ಹಳೆಯದಕ್ಕಿಂತ ಕಮ್ಮಿ ಇರಲೇಬಾರದು. ಹಾಗಂತ ಜಾಸ್ತಿ ಇದ್ದರೆ ಗಾಡಿ ಜಾಸ್ತಿ ಹೊರಬಹುದು ಅಂತಲೂ ಅಲ್ಲ. ಸ್ಪ್ರಿಂಗು, ಎಕ್ಸೆಲ್ಲು, ಬ್ರೇಕು ಹಳೆಯವೇ ಅಲ್ವಾ? ಟ್ರಕ್ಕಿಗೆ ಅಂತಲೇ ಮಾಡಿದ ದಪ್ಪ ಪಕ್ಕೆಯ ಟೈರುಗಳೂ ಇದೇ ಅಳತೆಯಲ್ಲಿ ಸಿಗುತ್ತವೆ. ಅವು ಇನ್ನೂ ತೂಕ, ಗಾಳಿಯೂ ಜಾಸ್ತಿ ಬೇಕು, ಖಾಲಿ ಗಾಡಿಯಲ್ಲಿ ಕುಲುಕಾಟ ಹೆಚ್ಚು. ನನ್ನ ಭಾರಕ್ಕೆ ಅವು ಬೇಕಿರಲಿಲ್ಲ.

ಬಿಚ್ಚುವುದು

ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟೆ. ಮುಂಭಾಗ ಜಾಕ್‌ನಿಂದ ಎತ್ತಿ, ಚಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟು, ಎರಡೂ ಚಕ್ರ ಬಿಚ್ಚಿದೆ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಕೈ ಹಾಕುವ ಪ್ರಶ್ನೆಯೇ ಇಲ್ಲ.

ಆಂಟಿ ರೋಲ್ ಬಾರಿನ (ತಿರುವಿನಲ್ಲಿ ಗಾಡಿ ವಾಲದಂತೆ ಎಡ ಬಲ ಆರ್ಮ್ ಜೋಡಿಸುವ ಸರಳು) ಲಿಂಕನ್ನು ಎರಡೂ ಕಡೆ ಒಟ್ಟಿಗೆ ಬಿಚ್ಚಬೇಕು. ಒಂದೇ ಕಡೆ ಬಿಚ್ಚಿದರೆ ಇನ್ನೊಂದು ಕಡೆಯ ಆರ್ಮ್ ಬಾರನ್ನು ತಿರುಚಿ ಹಿಡಿದಿರುತ್ತದೆ, ಬೋಲ್ಟ್ ಕೂರುವುದೇ ಇಲ್ಲ. ಎಬಿಎಸ್ ವೈರು ಮತ್ತು ಬ್ರೇಕ್ ಹೋಸಿನ ಬ್ರ್ಯಾಕೆಟ್ ಸಡಿಲಿಸಿದೆ. ಮೇಲಿನ ಬಾಲ್ ಜಾಯಿಂಟ್ ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಬಿಟ್ಟು, ನಕಲ್ಲಿನ (ಚಕ್ರದ ಹಬ್ ಹೊತ್ತಿರುವ ಗಟ್ಟಿ ಕಬ್ಬಿಣ) ಪಕ್ಕಕ್ಕೆ ಸುತ್ತಿಗೆಯಿಂದ ಗಟ್ಟಿಯಾಗಿ ಹೊಡೆದರೆ ಕೂತಿದ್ದು ತಾನೇ ಬಿಡುತ್ತದೆ. ಕವಲಿನಂಥ ಉಪಕರಣ ತೂರಿಸಿ ಎಬ್ಬಿಸುವವರೂ ಇದ್ದಾರೆ. ಅದು ರಬ್ಬರ್ ಬೂಟನ್ನು ಹರಿದುಹಾಕುತ್ತದೆ. ಬೂಟ್ ಹರಿದರೆ ಒಳಗೆ ಮಣ್ಣು ಹೋಗಿ ಜಾಯಿಂಟ್ ಮುಗಿಯಿತು ಅಂತಲೇ ಲೆಕ್ಕ. ನಕಲ್ ಬಿಟ್ಟ ಕೂಡಲೇ ಅದನ್ನು ತಂತಿಯಿಂದ ಕಟ್ಟಿ ನಿಲ್ಲಿಸಿದೆ. ಬ್ರೇಕ್ ಹೋಸಿನಲ್ಲಿ ಅಷ್ಟು ತೂಕ ಜೋತಾಡಬಾರದು.

ಕೆಳಗಿನ ಬೋಲ್ಟು, ಮೇಲಿನ ಮೂರು ನಟ್ಟು ತೆಗೆದರೆ ಸ್ಟ್ರಟ್ ಇಡಿಯಾಗಿ ಹೊರಗೆ ಬರುತ್ತದೆ. ಮೂರು ನಟ್ಟುಗಳ ನಡುವೆ ಇನ್ನೊಂದು ದೊಡ್ಡ ನಟ್ಟು ಕಾಣುತ್ತದೆ. ಅದನ್ನು ಮಾತ್ರ ಮುಟ್ಟಬೇಡಿ. ಒತ್ತಿಹಿಡಿದ ಸ್ಪ್ರಿಂಗನ್ನು ತಡೆದಿರುವುದು ಅದೊಂದೇ. ಬಿಚ್ಚಿದರೆ ಸ್ಪ್ರಿಂಗ್ ಹಾರಿ ಜೀವಕ್ಕೇ ಅಪಾಯ. ಸ್ಟ್ರಟ್ ಮೇಲೆ ಕೂರುವ ಸ್ಪೇಸರ್ ಆರಿಸಿದ್ದೂ ಇದಕ್ಕೇ. ಸ್ಪ್ರಿಂಗ್ ಬಿಚ್ಚುವ ಗೊಡವೆಯೇ ಇಲ್ಲ.

ಸ್ಟ್ರಟ್ ಹೊರಗಿದ್ದಾಗಲೇ ಮಾಡಬೇಕಾದ ಒಂದು ಪರೀಕ್ಷೆ ಇದೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ಸ್ಪ್ರಿಂಗ್ ಇಲ್ಲದಿರುವಾಗ ಆರ್ಮನ್ನು ಜಾಕ್‌ನಿಂದ ಸಲೀಸಾಗಿ ಮೇಲೆ ಕೆಳಗೆ ಆಡಿಸಬಹುದು. ಬಾಲ್ ಜಾಯಿಂಟ್ ಮತ್ತೆ ಜೋಡಿಸಿ, ಹೊಸ ಟೈರಿನ ಚಕ್ರ ಹಾಕಿ, ಕೆಳಗಿನ ಆರ್ಮಿಗೆ ಜಾಕ್ ಕೊಟ್ಟು, ಚಾಸಿಯ ರಬ್ಬರ್ ಸ್ಟಾಪಿಗೆ ತಗಲುವವರೆಗೂ ಎತ್ತಿದೆ. ರಸ್ತೆಯಲ್ಲಿ ಚಕ್ರ ಇದಕ್ಕಿಂತ ಮೇಲೆ ಬಂದರೂ ಆ ರಬ್ಬರ್ ಅದುಮುವಷ್ಟು ಮಾತ್ರ. ಆ ಎತ್ತರದಲ್ಲಿ ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸುತ್ತಾ, ಟಾರ್ಚ್ ಹಿಡಿದು ಸುತ್ತಲೂ ನೋಡಿದೆ. ಆಮೇಲೆ ಸ್ವಲ್ಪ ಇಳಿಸಿ ಮತ್ತೆ ತಿರುಗಿಸಿದೆ. ಹೀಗೆ ಕೆಳಗಿನ ಕೊನೆಯವರೆಗೂ.

ಮೇಲಿನ ಆರ್ಮಿಗೂ ಟೈರಿಗೂ ನಡುವೆ 13 ಮಿ.ಮೀ. ಇತ್ತು. ಸಾಕು. ಆಂಟಿ ರೋಲ್ ಬಾರಿಗೆ ತಗಲಲಿಲ್ಲ. ಮುಂದೆ ಬಂಪರ್ ಕೆಳಗಿನ ಪ್ಲಾಸ್ಟಿಕ್ಕಿಗೂ ಜಾಗ ಇತ್ತು. ತಗಲಿದ್ದು ಎರಡೇ ಕಡೆ: ಚಕ್ರದ ಹಿಂದಿನ ಮಡ್ ಫ್ಲ್ಯಾಪಿನ ಅಂಚು, ಮತ್ತು ಸ್ಟೇರಿಂಗ್ ಪೂರ್ತಿ ತಿರುಗಿದಾಗ ಒಳಗಿನ ಪ್ಲಾಸ್ಟಿಕ್ ಲೈನರಿನ ಹಿಂದಿನ ಮೂಲೆ. ಆ ಲೈನರಿನ ಹಿಂದೆ ಬಾಡಿಯ ಎರಡು ತಗಡು ಸೇರುವ ಅಂಚು ಇರುತ್ತದೆ. ಅದನ್ನು ಸುತ್ತಿಗೆಯಿಂದ ಮಡಚುವವರು ಬಹಳ. ಮಡಚಲೇಬೇಕಾದರೆ ಸೀಳಿದ ಪೇಂಟಿಗೆ ಪ್ರೈಮರ್ ಹಚ್ಚದೆ ಬಿಡಬೇಡಿ, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ನಾನು ಸುತ್ತಿಗೆ ಎತ್ತಲಿಲ್ಲ. ಅಲೈನ್‌ಮೆಂಟ್ ಆಗುವವರೆಗೂ ಕಾಯೋಣ ಅಂದುಕೊಂಡೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ. ಸ್ಪೇಸರನ್ನು ಸ್ಟ್ರಟ್ ಮೇಲೆ ಬಿಗಿದು, ಉದ್ದನೆಯ ಕಬ್ಬಿಣದ ಹಾರೆಯಿಂದ ಕೆಳಗಿನ ಆರ್ಮನ್ನು ಒತ್ತಿಹಿಡಿದು ಬೋಲ್ಟ್ ತೂರಿಸಿದೆ. ಇನ್ನೊಬ್ಬರು ಇದ್ದರೆ ಇದು ನಿಮಿಷದ ಕೆಲಸ. ಬಾಲ್ ಜಾಯಿಂಟ್ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿದೆ. ಟಾರ್ಕ್ ಕೊಟ್ಟ ಮೇಲೆ ಪಿನ್ನಿನ ತೂತು ಹೊಂದದಿದ್ದರೆ ನಟ್ಟನ್ನು ಇನ್ನೂ ಸ್ವಲ್ಪ ಬಿಗಿ ಮಾಡಿ ಹೊಂದಿಸಬೇಕು, ಸಡಿಲಿಸಿ ಹೊಂದಿಸಬಾರದು. ಎಷ್ಟು ಟಾರ್ಕ್ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ತೆಗೆದು ನೋಡಿ.

ರಬ್ಬರ್ ಬುಷ್ ಮೂಲಕ ಹೋಗುವ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ಜೋತಾಡುವಾಗ ಪೂರ್ತಿ ಬಿಗಿಯಬಾರದು. ಬುಷ್ಷಿನ ರಬ್ಬರ್ ಒಳಗಿನ ಮತ್ತು ಹೊರಗಿನ ಕಬ್ಬಿಣದ ಕೊಳವೆಗೆ ಅಂಟಿರುತ್ತದೆ. ಅದು ಜಾರುವುದಿಲ್ಲ, ತಿರುಚುತ್ತದೆ. ಜೋತುಬಿದ್ದಾಗ ಬಿಗಿದರೆ, ಗಾಡಿ ನೆಲಕ್ಕೆ ಬಂದ ಕ್ಷಣದಿಂದ ಅದು ಯಾವಾಗಲೂ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ, ಎತ್ತರದ ಅಳತೆಯೂ ಸುಳ್ಳು ಬರುತ್ತದೆ. ಹಾಗಾಗಿ ಇವನ್ನು ಕೈಬಿಗಿ ಮಾಡಿ, ಗಾಡಿ ಇಳಿಸಿ, ಚಕ್ರದ ಮೇಲೆ ಭಾರ ಬಿದ್ದ ಮೇಲೆ ಟಾರ್ಕ್ ಕೊಟ್ಟೆ.

ಇಳಿಸಿ, ಸ್ವಲ್ಪ ಓಡಿಸಿ, ಮತ್ತೆ ಹಬ್‌ನಿಂದ ಫೆಂಡರಿಗೆ ಅಳೆದೆ. ಎಡಕ್ಕೆ 27 ಮಿ.ಮೀ. ಏರಿತ್ತು, ಬಲಕ್ಕೆ 28. 200 ಕೆ.ಜಿ. ಹಾಕಿ ಸಿಲ್ ಕೆಳಗೆ ಮೀಟರ್ ಹಿಡಿದರೆ 0.0. ಈ ಸೊನ್ನೆ ನೋಡಿ ನಿಜವಾಗಲೂ ಖುಷಿಯಾಯಿತು.

ಅಲೈನ್‌ಮೆಂಟ್

ಎತ್ತಿದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಹೊಸ ಟೈರ್ ತಿನ್ನಿಸಿದ ಹಾಗೆ. ಬಾಡಿ ಎದ್ದಾಗ ಆರ್ಮುಗಳು ಕೆಳಕ್ಕೆ ವಾಲುತ್ತವೆ, ಚಕ್ರದ ತಲೆ ಹೊರಕ್ಕೆ ಬಾಗುತ್ತದೆ. ಈ ಬಾಗೇ ಕ್ಯಾಂಬರ್, ಹೊರಕ್ಕೆ ಬಾಗಿದರೆ ಪಾಸಿಟಿವ್. ನನ್ನ ಗಾಡಿಯಲ್ಲಿ ಅದು ಎರಡೂ ಕಡೆ ಅರ್ಧ ಡಿಗ್ರಿಗಿಂತ ಜಾಸ್ತಿ ಪಾಸಿಟಿವ್ ಆಗಿತ್ತು. ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೂಡ ಸರಿದಿತ್ತು.

ಕೆಳಗಿನ ಆರ್ಮಿನ ಎರಡೂ ಬುಷ್‌ಗೆ ಕ್ಯಾಮ್ ಬೋಲ್ಟ್ (ತಿರುಗಿಸಿದರೆ ಬುಷ್ ಒಳಕ್ಕೆ ಹೊರಕ್ಕೆ ಸರಿಯುವಂಥವು) ಇವೆ, ಮುಂದೊಂದು ಹಿಂದೊಂದು. ಎರಡನ್ನೂ ಹೊರಕ್ಕೆ ತಳ್ಳಿದರೆ ಚಕ್ರದ ಬುಡ ಹೊರಕ್ಕೆ ಬಂದು ಕ್ಯಾಂಬರ್ ಸರಿಹೋಗುತ್ತದೆ. ಮುಂದಿನದನ್ನು ಒಳಕ್ಕೆ, ಹಿಂದಿನದನ್ನು ಹೊರಕ್ಕೆ ತಿರುಗಿಸಿದರೆ ಕೆಳಗಿನ ಬಾಲ್ ಜಾಯಿಂಟ್ ಮುಂದಕ್ಕೆ ಸರಿಯುತ್ತದೆ, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಮೇಲಿನ ಕೆಳಗಿನ ಬಾಲ್ ಜಾಯಿಂಟ್ ಸೇರಿಸುವ ಗೆರೆ ಹಿಂದಕ್ಕೆ ವಾಲಿರುವ ಓರೆ) ಹೆಚ್ಚುತ್ತದೆ. ಕ್ಯಾಸ್ಟರ್ ಹೆಚ್ಚಿದ್ದರೆ ಸ್ಟೇರಿಂಗ್ ತಾನಾಗಿಯೇ ನೇರಕ್ಕೆ ಬರುತ್ತದೆ, ವೇಗದಲ್ಲಿ ಗಾಡಿ ಅಲೆಯುವುದಿಲ್ಲ. ಲೈನರಿನ ಸುದ್ದಿಗೆ ಕಾದದ್ದು ಇದಕ್ಕೇ: ಬಾಲ್ ಜಾಯಿಂಟ್ ಮುಂದೆ ಹೋದರೆ ಅದರ ಜೊತೆ ಇಡೀ ಚಕ್ರ ಮುಂದೆ ಹೋಗುತ್ತದೆ. ಟೈರ್ ತಗಲುತ್ತಿದ್ದ ಹಿಂದಿನ ಮೂಲೆಯಲ್ಲಿ ಪುಕ್ಕಟೆ ಜಾಗ ಸಿಗುತ್ತದೆ.

ಅಲೈನ್‌ಮೆಂಟ್ ಮಾಡುವವರಿಗೆ ಮೊದಲೇ ಹೇಳಿದೆ: "ಕ್ಯಾಂಬರ್ ಮಿತಿಯೊಳಗೆ ಬಂದರೆ ಸಾಕು ಅಣ್ಣ, ಸೊನ್ನೆಗೆ ತರಬೇಡಿ. ಮಿಕ್ಕಿದ್ದನ್ನೆಲ್ಲ ಕ್ಯಾಸ್ಟರಿಗೆ ಕೊಡಿ. ಎಡ ಬಲ ಸಮ ಇರಲಿ." ಎರಡಕ್ಕೂ ಇರುವುದು ಅದೇ ಕ್ಯಾಮುಗಳು. ಕ್ಯಾಂಬರನ್ನು ಪೂರ್ತಿ ಸೊನ್ನೆ ಮಾಡಲು ಹೋದರೆ ಕ್ಯಾಸ್ಟರಿಗೆ ಜಾಗ ಉಳಿಯುವುದಿಲ್ಲ. ಅವರು ಒಪ್ಪಿದರು. ಟೋ ಒಂಚೂರು ಒಳಕ್ಕೆ ಇಟ್ಟರು. ಹಿಂದಿನ ಚಕ್ರ ತಳ್ಳುವ ಗಾಡಿಯಲ್ಲಿ ಓಡುವಾಗ ಮುಂದಿನ ಚಕ್ರಗಳು ನೆಲದ ಎಳೆತಕ್ಕೆ ಹೊರಕ್ಕೆ ತೆರೆದುಕೊಳ್ಳಲು ನೋಡುತ್ತವೆ. ಸ್ವಲ್ಪ ಒಳಕ್ಕಿದ್ದರೆ ಓಡುವಾಗ ನೇರ ನಿಲ್ಲುತ್ತವೆ. ಇದನ್ನೂ ದಿನದ ಭಾರ ಹಾಕಿಕೊಂಡೇ ಮಾಡಿಸಿದೆ.

ಮನೆಗೆ ಬಂದು ಒಂದು ಮುಂದಿನ ಚಕ್ರವನ್ನು ಮರದ ದಿಮ್ಮಿ ಮೇಲೆ ಹತ್ತಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ರಿವರ್ಸಿನಲ್ಲೂ ನೋಡಿದೆ. ಲೈನರಿನ ಮೂಲೆ ಸವರುವುದು ಬಹುತೇಕ ನಿಂತಿತ್ತು. ಉಳಿದದ್ದಕ್ಕೆ ಹೀಟ್ ಗನ್ ಹಿಡಿದು, ಪ್ಲಾಸ್ಟಿಕ್ ಮೆತ್ತಗಾದ ಮೇಲೆ ಮರದ ತುಂಡಿನಿಂದ ಒಳಕ್ಕೆ ಒತ್ತಿ ಆರಲು ಬಿಟ್ಟೆ. ಮಡ್ ಫ್ಲ್ಯಾಪಿನ ಅಂಚನ್ನು 20 ಮಿ.ಮೀ. ಕತ್ತರಿಸಿದೆ. ಸುತ್ತಿಗೆ ಬೇಕಾಗಲೇ ಇಲ್ಲ.

ಹೆಡ್‌ಲೈಟ್

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ರಾತ್ರಿ ಎದುರಿಗೆ ಬರುವವರ ಕಣ್ಣಿನ ವಿಷಯ, ಬಿಡಬಾರದು. ಮುಂಭಾಗ 27 ಮಿ.ಮೀ. ಎದ್ದಾಗ ಬೆಳಕು ಕೂಡ ಮೇಲಕ್ಕೆ ತಿರುಗುತ್ತದೆ. 3200ಕ್ಕೆ 27 ಅಂದರೆ, 10 ಮೀಟರ್ ದೂರದಲ್ಲಿ 84 ಮಿ.ಮೀ. ಮೇಲೆ. ಕೆಲಸ ಶುರು ಮಾಡುವ ಮುಂಚೆ 10 ಮೀಟರ್ ದೂರದ ಗೋಡೆಯ ಮೇಲೆ ಲೋ ಬೀಮಿನ ಮೇಲಂಚು ಎಲ್ಲಿ ಬೀಳುತ್ತದೆ ಅಂತ ಟೇಪ್ ಅಂಟಿಸಿಟ್ಟಿದ್ದೆ. ಲೈಟಿನ ಎತ್ತರಕ್ಕಿಂತ ಅದು ಎಷ್ಟು ಕೆಳಗಿದೆ ಅಂತಲೂ ಬರೆದಿಟ್ಟಿದ್ದೆ. ಉಳಿಸಿಕೊಳ್ಳಬೇಕಾದ್ದು ಈ ಎರಡನೇ ಸಂಖ್ಯೆಯನ್ನು. ಯಾಕೆಂದರೆ ಸ್ಪೇಸರ್ ಮತ್ತು ಟೈರ್ ಸೇರಿ ಲೈಟೇ 40 ಮಿ.ಮೀ.ಗಿಂತ ಮೇಲೆ ಬಂದಿದೆ. ಹೊಸ ಎತ್ತರದಿಂದ ಅಷ್ಟೇ ಕೆಳಗೆ ಮೇಲಂಚು ಬರುವ ಹಾಗೆ ಸ್ಕ್ರೂ ತಿರುಗಿಸಿದೆ. ಪೂರ್ತಿ ಲೋಡ್ ಹಾಕುವ ದಿನ ಹಿಂಭಾಗ ಇನ್ನೂ ಕೂರುತ್ತದೆ, ಅವತ್ತು ಡ್ಯಾಶ್‌ಬೋರ್ಡಿನ ಗುಂಡಿ ತಿರುಗಿಸಿ ಬೀಮನ್ನು ಇನ್ನಷ್ಟು ತಗ್ಗಿಸುತ್ತೇನೆ.

ಓಡಿಸಿದ ಮೇಲೆ

ಚಕ್ರದ ನಟ್ಟುಗಳಿಗೆ ಸುಮಾರು 100 ಕಿ.ಮೀ. ಓಡಿದ ಮೇಲೆ ಮತ್ತೆ ಟಾರ್ಕ್ ಕೊಟ್ಟೆ. ಸ್ಟ್ರಟ್ ಮೇಲಿನ ನಟ್ಟುಗಳಿಗೂ. ಗಾಳಿ ಎಷ್ಟಿರಬೇಕು ಅಂತ ನೋಡಲು ಟೈರಿನ ಅಗಲಕ್ಕೂ ಸೀಮೆಸುಣ್ಣದ ಪಟ್ಟಿ ಎಳೆದು ನೇರವಾಗಿ ಸ್ವಲ್ಪ ದೂರ ಓಡಿಸಿದೆ. ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಅಂಚು ಮಾತ್ರ ಅಳಿಸಿದರೆ ಕಮ್ಮಿ. ಭಾರ ಇದ್ದಾಗ ಮತ್ತು ಖಾಲಿ ಇದ್ದಾಗ ಹಿಂದಿನ ಟೈರಿಗೆ ಬೇರೆ ಬೇರೆ ಬೇಕಾಗುತ್ತದೆ, ಎರಡನ್ನೂ ಬರೆದಿಟ್ಟುಕೊಂಡಿದ್ದೇನೆ.

ಸ್ಪೀಡೋಮೀಟರ್ ಈಗ ಕಮ್ಮಿ ತೋರಿಸುತ್ತದೆ. ಟೈರ್ 3.6 ಶೇಕಡಾ ದೊಡ್ಡದಾಗಿರುವುದರಿಂದ, ಮೊದಲು 100 ತೋರಿಸುತ್ತಿದ್ದ ಕಡೆ ಈಗಿನ ವೇಗ ಸುಮಾರು 103.6. ಓಡೋಮೀಟರ್ ಕೂಡ ಅಷ್ಟೇ ಹಿಂದೆ ಬೀಳುತ್ತದೆ. ಮೈಲೇಜ್ ಲೆಕ್ಕ ಹಾಕುವಾಗ ಇದನ್ನು ಸೇರಿಸದಿದ್ದರೆ ಇರುವುದಕ್ಕಿಂತ ಕಮ್ಮಿ ಬಂದ ಹಾಗೆ ಕಾಣುತ್ತದೆ. ನಿಜವಾಗಿಯೂ ಒಂಚೂರು ಕಮ್ಮಿಯೇ ಆಗುತ್ತದೆ, ಟೈರ್ ಅಗಲ ಮತ್ತು ತೂಕ ಎರಡೂ ಹೆಚ್ಚಿದೆ.

ಗೇರಿನ ಮೇಲೂ ಪರಿಣಾಮ ಇದೆ. 3.73ರ ಗೇರ್ ಅನುಪಾತದ ಡಿಫರೆನ್ಷಿಯಲ್ ಈಗ 3.60 ಇದ್ದ ಹಾಗೆ ಎಳೆಯುತ್ತದೆ. ಖಾಲಿ ಇದ್ದಾಗ ಗೊತ್ತಾಗುವುದಿಲ್ಲ. ಏರಿನಲ್ಲಿ ಭಾರ ಇದ್ದಾಗ ಮೊದಲಿಗಿಂತ ಸ್ವಲ್ಪ ಬೇಗ ಗೇರ್ ಇಳಿಸಬೇಕು. ಬ್ರೇಕಿಗೂ ಹಾಗೆಯೇ, ಅಷ್ಟೇ ನಿಲ್ಲಲು ಪೆಡಲನ್ನು ಇನ್ನೊಂಚೂರು ಒತ್ತಬೇಕು. ಇನ್ನೂ ದೊಡ್ಡ ಟೈರ್ ಹಾಕುವ ಆಸೆ ಇದ್ದವರು ಈ ಎರಡು ವಿಷಯವನ್ನು ಮೊದಲು ಯೋಚಿಸಿ. ನನ್ನ ಎಂಜಿನ್ನಿಗೆ 265 ಸಾಕು.

ಒಂದು ಮಾತು ನೇರವಾಗಿ ಹೇಳಬೇಕು. ಇಷ್ಟೆಲ್ಲ ಮಾಡಿದರೂ ಗಾಡಿ ಫೋರ್ ವೀಲ್ ಡ್ರೈವ್ ಆಗುವುದಿಲ್ಲ. ಖಾಲಿ ಇದ್ದಾಗ ಹಿಂದಿನ ಚಕ್ರದ ಮೇಲೆ ಭಾರ ಕಮ್ಮಿ, ಕೆಸರಿನಲ್ಲಿ ತಿರುಗಿಬಿಡುತ್ತವೆ. ಎತ್ತರದಿಂದ ಅದಕ್ಕೆ ಏನೂ ಸಹಾಯ ಇಲ್ಲ. ಹೊಸ ಟೈರಿನ ಆಳವಾದ ಹಲ್ಲುಗಳಿಂದ ಇದೆ, ಹಿಂದೆ ಇರುವ 200 ಕೆ.ಜಿ.ಯಿಂದ ಇನ್ನೂ ಜಾಸ್ತಿ ಇದೆ.

ಕೊನೆಯದಾಗಿ ಸ್ಟೆಪ್ನಿ. ಬಾಡಿ ಕೆಳಗಿನ ಜಾಗದಲ್ಲಿ 803 ಮಿ.ಮೀ. ಟೈರ್ ಹಿಡಿಸುತ್ತದೋ ಅಂತ ಅಳೆದೆ. ಒಂದು ಕಡೆ ಸೈಲೆನ್ಸರ್ ಪೈಪಿಗೆ ತೀರಾ ಹತ್ತಿರ ಬರುತ್ತದೆ. ಹಾಗಾಗಿ ಸದ್ಯಕ್ಕೆ ಹಳೆಯ 245ರ ಟೈರೇ ಅಲ್ಲಿದೆ. ಇದನ್ನು ಹಿಂದಿನ ಎಕ್ಸೆಲ್ಲಿಗೆ ಹಾಕಬಾರದು. ಎಡ ಬಲ ಬೇರೆ ಬೇರೆ ಅಳತೆ ಇದ್ದರೆ, ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ ಒಳಗಿನ ಗೇರುಗಳು ಬಿಡುವಿಲ್ಲದೆ ತಿರುಗುತ್ತಿರುತ್ತವೆ, ಬಿಸಿಯಾಗುತ್ತವೆ. ಲಿಮಿಟೆಡ್ ಸ್ಲಿಪ್ (ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗುವುದನ್ನು ತಡೆಯುವ ಡಿಫರೆನ್ಷಿಯಲ್) ಇರುವ ಗಾಡಿಗೆ ಇದು ಇನ್ನೂ ಕೆಟ್ಟದ್ದು. ಟೂ ವೀಲ್ ಡ್ರೈವ್ ಆಗಿರುವುದರಿಂದ ಮುಂದೆ ಆ ತೊಂದರೆ ಇಲ್ಲ. ಹಿಂದಿನ ಟೈರ್ ಪಂಕ್ಚರ್ ಆದರೆ ಮುಂದಿನ ಒಂದು ದೊಡ್ಡ ಟೈರನ್ನು ಹಿಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಮುಂದೆ ಹಾಕಿಕೊಂಡು, ಪಂಕ್ಚರ್ ಅಂಗಡಿವರೆಗೆ ನಿಧಾನಕ್ಕೆ ಹೋಗಬೇಕು. ಎರಡು ಸಲ ಜಾಕ್ ಹಾಕುವ ಕೆಲಸ. ಸೈಲೆನ್ಸರ್ ಪೈಪಿನ ಹ್ಯಾಂಗರ್ ಸ್ವಲ್ಪ ಸರಿಸಿದರೆ ದೊಡ್ಡ ಸ್ಟೆಪ್ನಿ ಹಿಡಿಸಬಹುದು ಅನ್ನಿಸುತ್ತಿದೆ. ಮುಂದಿನ ಕೆಲಸ ಅದೇ.